ಯಾರ ಜಗಲಿ ಮೇಲೆ

"ಏನ್ಲಾ ಮರಿಸಿದ್ದ, ಮೀಸೆ ಬ್ಯಾರೆ ಬುಟ್ಟಿದ್ದೀಯೆ. ನಿಮ್ಮಕ್ಕನ ಕೈಯ ನಿಮ್ ಬಾವ ಸುಟ್ಟಾಕಿದ್ದು ಪರ್ದೇಸಕ್ಕೆಲ್ಲ ಗೊತ್ತಾಗೋಗದೆ, ನಿಂಗೊಬ್ಬುನ್ಗೇ ಗೊತ್ತಿಲ್ವಲ್ಲೊ! ಎಂಡ್ತಿ ಸುಡೋನ ಮನೇಲಿ ಮುದ್ದೆ ಉಣ್ಣಕ್ಕೆ ನಾಚ್ಕೆ ಆಗಕಿಲ್ವಾ?"

ಚಿಕ್ಕಣ್ಣ ಈ ಮಾತು ಅಂದದ್ದು ಮಳವಳ್ಳಿ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ. ಸಂತೆ ದಿನ. ಕೋಳಿ ಹಿಡಿದವರು, ಸೊಪ್ಪಿನ ಮಂಕರಿ ಇಳಿಸಿದವರು, ಬಸ್ಸಿಗೆ ಕಾದವರು, ಎಲ್ಲರೂ ತಿರುಗಿದರು. ನಾನು ನನ್ನ ಲೋಟ ತೊಳೆಯುತ್ತಿದ್ದೆ. ಆ ಅಂಗಡಿಯಲ್ಲಿ ನಮ್ಮ ಕೇರಿಯವರ ಲೋಟ ಬೇರೆ. ಸೂರಿನ ಗಳಕ್ಕೆ ಸಿಕ್ಕಿಸಿರುತ್ತಾರೆ. ನಾವೇ ತೆಗೆದುಕೊಳ್ಳಬೇಕು, ಕುಡಿಯಬೇಕು, ತೊಳೆಯಬೇಕು, ಮತ್ತೆ ಅಲ್ಲೇ ಸಿಕ್ಕಿಸಬೇಕು.

ಚಿಕ್ಕಣ್ಣ ಅಂದರೆ ನಮ್ಮೂರ ಮಾದಯ್ಯನ ತಮ್ಮ. ನಾಲೆ ಕೆಳಗಿನ ಒಳ್ಳೆಯ ಗದ್ದೆಯೆಲ್ಲ ಆ ಮನೆಯವರದು. ಊರಿನ ಆಲೆಮನೆಯೂ ಅವರದೇ. ಅದನ್ನು ನೋಡಿಕೊಳ್ಳುವವನು ಚಿಕ್ಕಣ್ಣ. ನಮ್ಮಕ್ಕ ಮುದ್ದಮ್ಮ, ಅವಳ ಗಂಡ ನಾಗಯ್ಯ, ಅವರ ಜೊತೆಗಿರುವ ನಾನು, ಮೂವರೂ ಅವರ ಕಬ್ಬು ಕಡಿದು, ಅವರ ಒಲೆ ಉರಿಸಿ ಬದುಕಿದವರು.

"ಏನಂದ್ರಿ?" ಅಂದೆ.

"ಕಿವಿ ಕೇಳಕಿಲ್ವಾ? ಆ ದೊರೆಸಾನಿ ಬಂದಿದ್ಲಲ್ಲ, ನಮ್ಮನೇಲಿ ಉಳ್ಕಂಡಿದ್ಲಲ್ಲ, ಅವ್ಳು ತಗ್ದಿದ್ ಪಟಾನೆಲ್ಲ ಮದ್ದೂರ್ನಾಗೆ ಗ್ವಾಡೆ ಮ್ಯಾಲೆ ಬುಟ್ರು. ಮೊದ್ಲು ಬೆಳ್ಳೂರ ಕೊಕ್ರೆ. ಗೂಡು, ಮೊಟ್ಟೆ, ಮರಿ. ಆಮ್ಯಾಕೆ ಇವ್ರಕ್ಕನ ಕೈ. ಗ್ವಾಡೆ ತುಂಬ ಕೈ ಕಣ್ರಪ್ಪೋ!"

"ಮಕ ಕಾಣ್ತಾ?" ಅಂದ ಬೀಡಿ ಸೇದುತ್ತಿದ್ದ ಒಬ್ಬ.

"ಮಕ ಯಾಕ್ಲಾ ಬೇಕು? ಅಚ್ಚೆ ಕಾಣ್ತು. ತೊಟ್ಲ ಅಚ್ಚೆ, ಅರ್ದ ಸುಟ್ಟೋಗದೆ. ಗಂಡ ಕುಡ್ಕಂಡ್ ಬಂದು ಬಡ್ದು ಸುಟ್ಟ ಅಂತ ಮೈಕ್ನಾಗೆ ಯೋಳುದ್ರು. ಬರೋ ಬಾನ್ವಾರ ಇಲ್ಲೇ ಮಳವಳ್ಳೀಲಿ ಐತೆ, ಬಂದು ನೋಡ್ಲಾ. ನಿಮ್ ಬಾವುನ್ನೂ ಕರ್ಕಂಡ್ ಬಾ. ಮುಂದ್ಗಡೆ ಕುರ್ಚಿ ಆಕುಸ್ತೀನಿ."

ಜನ ನಕ್ಕರು. ಕೋಳಿ ಹಿಡಿದಿದ್ದ ಹೆಂಗಸು ಥೂ ಅಂದಳು. ನನ್ನ ಕಡೆ ನೋಡಿಯೇ ಅಂದಳು.

ಲೋಟವನ್ನು ಗಳಕ್ಕೆ ಸಿಕ್ಕಿಸಿದೆ. ಅದು ಜಾರಿ ಕೆಳಗೆ ಬಿತ್ತು. ಮತ್ತೆ ತೊಳೆದು ಮತ್ತೆ ಸಿಕ್ಕಿಸಿದೆ. ಅದನ್ನು ನೋಡಿ ಇನ್ನೊಮ್ಮೆ ನಕ್ಕರು.

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಮೇಷ್ಟ್ರು ನನ್ನ ಕೈಗೆ ಬಳಪಕ್ಕಿಂತ ಹೆಚ್ಚು ಸಲ ಪೊರಕೆ ಕೊಟ್ಟಿದ್ದರು. ಇದನ್ನು ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ಬಂದರೂ ಬರೆಯುವುದಿಲ್ಲ. ಚೆಂದ ಮಾಡಿದವರು ಏನು ಮಾಡಿದರು ಅನ್ನುವುದನ್ನೇ ಮುಂದೆ ಹೇಳುತ್ತೇನೆ.

ಬಸ್ಸಿಗೆ ಕಾಯಲಿಲ್ಲ. ಊರಿನವರೆಗೆ ನಡೆದೆ. ಅಕ್ಕನ ಕೈ ನಾನು ನೋಡಿದ್ದೆ. ಅದು ಸುಟ್ಟ ಬೇಸಿಗೆಯಲ್ಲಿ ಊರಲ್ಲಿರಲಿಲ್ಲ ನಾನು. ಮಂಡ್ಯದ ಸುತ್ತ ಕಬ್ಬು ಕಡಿಯುವ ಗುಂಪಿನ ಜೊತೆ ಹೋಗಿದ್ದೆ. ಮಳೆ ಹಿಡಿದ ಮೇಲೆ ಬಂದರೆ, ಅವಳ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಕ್ಕು ಹಿಡಿದು ಕೆಂಪಗಿತ್ತು. "ಆಲೆಮನೇಲಿ ಕಾಲು ಜಾರ್ತು ಕಣ್ಲಾ. ಪಾಕದ್ ಮ್ಯಾಲೆ ಬಿದ್ದೆ" ಅಂದಿದ್ದಳು. ನಂಬಿದ್ದೆ. ಆ ಕೈಯ ತೊಟ್ಟಿಲ ಹಚ್ಚೆ ನಮ್ಮವ್ವ ಹಾಕಿಸಿದ್ದು. ಕೊರವಂಜಿ ಸೂಜಿ ಚುಚ್ಚುವಾಗ ಮಗಳು ಅಳಬಾರದು ಅಂತ ಅವ್ವ ಅವಳ ಬಾಯಿಗೆ ಬೆಲ್ಲ ಇಟ್ಟಿದ್ದಳಂತೆ. ಅವ್ವ ಈಗಿಲ್ಲ. ತೊಟ್ಟಿಲು ಅರ್ಧ ಉಳಿದಿದೆ.

ಭಾವ ಗುಡಿಸಲ ಮುಂದೆ ಕತ್ತಾಳೆ ನಾರು ಹೊಸೆಯುತ್ತಿದ್ದ. ಅವನ ಕತ್ತಿನ ಟವಲು ಹಿಡಿದು ಎತ್ತಿದೆ.

"ಸುಟ್ಯಾ ನೀನು ಅವ್ಳ? ನಿಜ ಬೊಗಳು. ಸುಟ್ಯಾ?"

ಭಾವ ತಪ್ಪಿಸಿಕೊಳ್ಳಲಿಲ್ಲ. ಟವಲು ಬಿಗಿದು ಕಣ್ಣು ಕೆಂಪಾದರೂ ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ. ಹೊಸೆದದ್ದು ಬಿಚ್ಚಿಹೋಗುತ್ತದೆ ಅಂತ ಗಟ್ಟಿ ಹಿಡಿದೇ ಇದ್ದ. ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು.

ಬೆನ್ನ ಮೇಲೆ ಏಟು ಬಿತ್ತು. ಮುದ್ದೆ ಕೋಲು. ಬಿಸಿ ಹಿಟ್ಟು ಮೆತ್ತಿಕೊಂಡಿದ್ದ ಕೋಲು.

"ಬುಡ್ಲಾ ಅವ್ನ! ಬುಡ್ತೀಯೋ, ಇಲ್ಲಾ ತಲೆ ಮ್ಯಾಲೆ ಬುಡ್ಲೋ?"

ಅಕ್ಕ. ಇನ್ನೊಂದು ಬಿಟ್ಟಳು. ಟವಲು ಬಿಟ್ಟೆ. ಭಾವ ಕೆಮ್ಮುತ್ತ ಕುಳಿತ.

"ಯಾವನ್ ಯೋಳ್ದ ನಿಂಗೆ?"

"ಚಿಕ್ಕಣ್ಣ. ಸಂತೆ ಜನದ ಮುಂದೆ."

ಅಕ್ಕ ಕೋಲು ಕೆಳಗಿಟ್ಟಳು. ನಕ್ಕಳು. ಹೇಗೆ ನಕ್ಕಳೆಂದರೆ, ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಆಲೆಮನೇಲಿ ನಾ ಎಲ್ಲಿರ್ತೀನ್ಲಾ?"

"ಒಲೆ ಗುಳೀಲಿ."

"ಪಾಕ ಎಲ್ಲಿರ್ತದೆ?"

"ಮ್ಯಾಲೆ. ಕೊಪ್ಪರಿಗೇಲಿ."

"ನಮ್ಮುನ್ನ ಮ್ಯಾಲೆ ಅತ್ತುಸ್ತಾರಾ?"

ಹತ್ತಿಸುವುದಿಲ್ಲ. ನಾವು ಮುಟ್ಟಿದರೆ ಬೆಲ್ಲ ಮೈಲಿಗೆ. ಗಾಣದಿಂದ ಬಂದ ಸಿಪ್ಪೆ ಒಣಗಿಸಿ, ಹೊತ್ತು ತಂದು, ಗುಳಿಯಲ್ಲಿ ಕೂತು ಬೆಳಗಿನಿಂದ ಒಲೆಗೆ ತಳ್ಳುವುದು ನಮ್ಮ ಹೆಂಗಸರು. ಹುಬ್ಬು ಸುಡುತ್ತದೆ, ಎದೆಯ ಹಾಲು ಬತ್ತುತ್ತದೆ. ಕೆಳಗಿನ ಬೆಂಕಿ ನಮ್ಮದು. ಮೇಲಿನ ಬೆಲ್ಲ ಅವರದು. ಅಲ್ಲಿ ಕಾಲು ಜಾರಿ ಪಾಕದ ಮೇಲೆ ಬೀಳಲು ದಾರಿಯೇ ಇಲ್ಲ. ಹುಟ್ಟಿದಾಗಿನಿಂದ ಆ ಆಲೆಮನೆ ನೋಡಿದ ನಾನು ಇಷ್ಟನ್ನು ಯೋಚಿಸಿರಲಿಲ್ಲ.

"ಗುಳಿಗಿಳ್ದ ಚಿಕ್ಕಣ್ಣ" ಅಂದಳು ಅಕ್ಕ. "ಕೈ ಇಡ್ಕಂಡ. ಸಿಪ್ಪೆ ಮೆದೆ ಇಂದ್ಕೆ ಬಾ ಅಂದ. ಬರಕಿಲ್ಲ ಅಂದೆ. ಎಳ್ದ. ಮಣಿಕಟ್ಗೆ ಕಚ್ದೆ. ರಕ್ತ ಬರಂಗೆ ಕಚ್ದೆ. ಬುಟ್ಬುಟ್ಟು ಮ್ಯಾಲತ್ತಿ ಓದ. ಸದ್ಯ ಓದ ಅಂದ್ಕಂಡೆ. ಕುದಿಯೋ ಪಾಕ ಸೌಟಲ್ಲಿ ಮೊಕ್ಕಂಡು ಮತ್ತೆ ಇಳ್ದ. ಕೈ ಮ್ಯಾಲೆ ಉಯ್ದ. ಕಚ್ಚೋ ನಾಯಿಗೆ ಬೆಲ್ಲ ತಿನ್ನುಸ್ಬೇಕು ಅಂದ."

ಬಿಸಿನೀರು ಬಿದ್ದರೆ ಇಳಿದು ಹೋಗುತ್ತದೆ. ಪಾಕ ಇಳಿಯುವುದಿಲ್ಲ. ಅಂಟಿಕೊಂಡು ಅಲ್ಲೇ ಬೇಯಿಸುತ್ತದೆ. ಕೀಳಹೋದರೆ ಚರ್ಮವೂ ಜೊತೆಗೆ ಬರುತ್ತದೆ.

"ಯಾಕ್ ಯೋಳ್ಲಿಲ್ಲ ನಂಗೆ?"

"ಯೋಳಿದ್ರೆ ಕುಡ್ಲು ತಕ್ಕಂಡ್ ಓಗಿರೋನು ನೀನು. ಇವ್ನು ಓಗಿದ್ರೆ ಇವ್ನುನ್ನ ಅದೇ ಒಲೆಗೆ ತಳ್ಳಿರೋರು. ಈ ಗುಡ್ಲು ನಿಂತಿರೋದು ಯಾರ್ ಗದ್ದೆ ಬದಿನ್ ಮ್ಯಾಲೆ, ಗೊತ್ತಿಲ್ವಾ?"

ಭಾವ ಆಗ ಬಾಯಿಬಿಟ್ಟ. "ಲೋಳೆಸರ ಅಚ್ಚಿದ್ದು ನಾನೆಯ. ಬೆಳಿಗ್ಗೆ ಬೈಗು ಅಚ್ತಿದ್ದೆ" ಅಂದ. ಆಮೇಲೆ, "ಮದ್ದೂರಿಂದ ಆ ಚಿಕ್ಕಣ್ಣ ಬಂದ ದಿವ್ಸದಿಂದ ಗದ್ದೆ ಕಡೆ ಓದ್ರೆ ಐಕ್ಳು ಕೂಗ್ತವೆ. ಎಂಡ್ತಿ ಸುಡೋನು ಬಂದ ಅಂತವೆ" ಅಂದ.

ಕುಡಿಯದವನು ಭಾವ. ನಮ್ಮ ಕೇರಿಯಲ್ಲಿ ಅವನನ್ನು ಆ ಕಾರಣಕ್ಕೇ ರೇಗಿಸುವವರಿದ್ದರು.

ಆ ದೊರೆಸಾನಿ ಬಂದ ಕಥೆಯನ್ನು ಅಕ್ಕ ಆಮೇಲೆ ಹೇಳಿದಳು. ಮುದ್ದೆ ಆರಿ ಕಲ್ಲಾಗಿತ್ತು. ಯಾರೂ ಮುಟ್ಟಲಿಲ್ಲ.

ಅದು, ಎಪ್ಪತ್ತೈದನೇ ಇಸವಿ, ಮಹಿಳಾ ವರ್ಷವಂತೆ. ಯುಗಾದಿ ಕಳೆದ ಮೇಲೆ ಒಂದು ಜೀಪು ಬಂತು. ಹೊರದೇಶದ ಯಾವುದೋ ಯೂನಿವರ್ಸಿಟಿಯಿಂದ ಬಂದ ಬಿಳಿ ಹೆಂಗಸು. ಅವಳಿಗೆ ಬೇರೇನೋ ಹೆಸರಿತ್ತು. ನಮ್ಮ ಹೆಂಗಸರ ಬಾಯಲ್ಲಿ ಅದು ಹೊರಳಲಿಲ್ಲ, ಬಿಳಿಯಮ್ಮ ಅಂದರು. ಜೊತೆಗೆ ಮೈಸೂರಿನಿಂದ ಬಂದ ಕಾಲೇಜಿನ ಲೆಕ್ಚರರು, ಚೂಡಾಮಣಿ ಅಂತ. ಬಿಳಿಯಮ್ಮ ಕೇಳುತ್ತಾಳೆ, ಚೂಡಾಮಣಿ ಅದನ್ನು ಕನ್ನಡಕ್ಕೆ ತಿರುಗಿಸುತ್ತಾರೆ. ಎರಡು ದೇಶ ಸೇರಿ ಹೆಂಗಸರ ಮೇಲಿನ ಹಿಂಸೆಯ ಬಗ್ಗೆ ಪುಸ್ತಕ ಬರೆಯುವುದಂತೆ. ಉಳಿದುಕೊಂಡದ್ದು ಮಾದಯ್ಯನ ಮನೆಯಲ್ಲಿ. ಊರಲ್ಲಿ ಕರೆಂಟು, ಕಕ್ಕಸು ಎರಡೂ ಇದ್ದದ್ದು ಅಲ್ಲೇ.

ಅಲ್ಲಿಗೇ ಕೇರಿಯ ಹೆಂಗಸರನ್ನು ಕರೆಸಿದರು.

"ಅವ್ರಿಬ್ರೂ ಜಗ್ಲಿ ಮ್ಯಾಲೆ ಚಾಪೆ ಆಕ್ಕಂಡ್ ಕೂತವ್ರೆ. ನಾ ಅಂಗ್ಳದಲ್ಲಿ ನಿಂತಿವ್ನಿ, ಬಿಸ್ಲಲ್ಲಿ. ಆಗಿನ್ನೂ ಕೈಗೆ ಬಟ್ಟೆ ಸುತ್ತಿತ್ತು. ಬಿಚ್ಚು ಅಂದ್ರು, ಬಿಚ್ದೆ. ಯಾರಮ್ಮ ಹೀಗೆ ಮಾಡಿದ್ದು ಅಂದ್ಲು ಮೈಸೂರಮ್ಮ. ಅದೇ ಜಗ್ಲಿ ಮೂಲೇಲಿ ಚಿಕ್ಕಣ್ಣ ಕೂತವ್ನೆ, ಕಡ್ಲೆಕಾಯಿ ಸುಲ್ಕಂಡು. ನಾ ಏನ್ ಯೋಳ್ಲಿ? ನೆಲ ನೋಡ್ದೆ. ಗಂಡನಾ ಅಂದ್ಲು. ಅದ್ಕೂ ನೆಲ ನೋಡ್ದೆ. ಇಂದ್ಗಡೆ ಮಾದಯ್ಯನ ಎಂಡ್ತಿ ಇಂದ್ರಮ್ಮ ಕಾಪಿ ತಂದು ನಿಂತಿದ್ಲು. ಈ ಕೇರಿ ಗಂಡುಸ್ರು ಕುಡ್ಕಂಡ್ ಬಂದು ಇಂಗೇ ಕಣಮ್ಮ ಅಂದ್ಲು. ಮೈಸೂರಮ್ಮ ಬಿಳಿಯಮ್ಮಂಗೆ ಇಂಗ್ಲೀಸ್ನಾಗೆ ಏನೋ ಯೋಳುದ್ಲು. ಬಿಳಿಯಮ್ಮನ ಕಣ್ಣಲ್ಲಿ ನೀರು ಬಂತು ಕಣ್ಲಾ. ಇಳ್ದು ಬಂದು ನನ್ ತಲೆ ಸವುರುದ್ಲು. ಪಟ ತಕ್ಕಂಡ್ಲು."

"ಪಟ ತಗೀಲಾ ಅಂತ ನಿನ್ನ ಕೇಳುದ್ರಾ?"

"ಕೇಳುದ್ರು. ಇಂದ್ರಮ್ಮ ತಗೀರಿ ಅಂದ್ಲು."

ಮಾರನೆ ದಿನ ಅವರು ಕೊಕ್ಕರೆ ನೋಡಲು ಬೆಳ್ಳೂರಿಗೆ ಹೋದರಂತೆ.

ಭಾನುವಾರ ನಾನು ಅಂಗಿ ಹಾಕಿಕೊಂಡು ಹೊರಟೆ. "ಓಯ್ತೀನಿ. ಎಲ್ರ ಮುಂದೆ ಕೇಳ್ತೀನಿ" ಅಂದೆ. ಅಕ್ಕ ಸೀರೆ ಬದಲಾಯಿಸಿ ಹಿಂದೆಯೇ ಬಂದಳು.

"ನೀ ಕೇಳ್ಬ್ಯಾಡ. ಕೈ ನಂದು."

"ಆಮ್ಯಾಕೆ ಗುಡ್ಲು?"

"ಇವ್ನುನ್ನ ಐಕ್ಳು ಕೂಗೋದ ಕೇಳ್ಕಂಡು ಆ ಗುಡ್ಲಲ್ಲಿ ಇನ್ನೆಷ್ಟ್ ದಿನ ಮಲಗ್ಲಿ?"

ಭಾವನೂ ಬಂದ. ಬರಬೇಡ ಅಂದರೂ ಬಂದ. ಮಳವಳ್ಳಿಯಲ್ಲಿ ಪಟ ತೋರಿಸುವ ಸ್ಕೂಲಿನ ಹತ್ತಿರ ಬಂದಾಗ ಮಾತ್ರ ಒಳಗೆ ಬರಲಿಲ್ಲ. ಹೊರಗೆ ಕಿಟಕಿ ಕೆಳಗೆ ಕುಕ್ಕರಗಾಲಲ್ಲಿ ಕೂತ.

ಒಳಗೆ ಜನ ತುಂಬಿದ್ದರು. ಕಿಟಕಿಗೆಲ್ಲ ಕರಿಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಕಂಬಳಿ ಮಾದಯ್ಯನ ಮನೆಯವು, ಅಂಚು ನೋಡಿಯೇ ಗುರುತು ಹಿಡಿದೆ. ಅವನ್ನು ನಾಲೆಯಲ್ಲಿ ಒಗೆಯುವವರು ನಾವೇ. ವೇದಿಕೆ ಮೇಲೆ ಮಾದಯ್ಯನ ಕೊರಳಲ್ಲಿ ಹಾರ. ಪಕ್ಕದಲ್ಲಿ ಬಿಳಿಯಮ್ಮ, ಒಬ್ಬ ತಾಲೂಕಿನ ಅಧಿಕಾರಿ. ಮೊದಲ ಸಾಲಿನ ಕುರ್ಚಿಯಲ್ಲಿ ಚಿಕ್ಕಣ್ಣ. ಬಾಗಿಲಲ್ಲಿ ಪೊಲೀಸಿನವನು. ನಾವು ಹಿಂದೆ ನೆಲದ ಮೇಲೆ ಕೂತೆವು.

ಗೋಡೆ ಮೇಲೆ ಬೆಳಕು ಬಿತ್ತು. ಕೊಕ್ಕರೆ ಬಂತು. ಹುಣಸೆ ಮರದ ತುಂಬ ಗೂಡು. ಜನ ಆಹಾ ಅಂದರು. ಬಾಯಿ ತೆರೆದ ಮರಿ ಬಂತು, ನಕ್ಕರು. ಕಬ್ಬಿನ ಗದ್ದೆ ಬಂತು. ಆಮೇಲೆ ಟಕ್ ಅಂತ ಶಬ್ದ. ಅಕ್ಕನ ಕೈ.

ಗೋಡೆಯಷ್ಟು ದೊಡ್ಡ ಕೈ. ಸುಟ್ಟ ಚರ್ಮ, ಕೀವು, ಅರ್ಧ ತೊಟ್ಟಿಲು. ಪಕ್ಕದಲ್ಲಿ ಅಕ್ಕ ಆ ಕೈಯನ್ನು ಸೆರಗೊಳಗೆ ಮುಚ್ಚಿಕೊಂಡಳು.

ಚೂಡಾಮಣಿ ಮೈಕು ಹಿಡಿದಿದ್ದರು. ದನಿ ಚೆನ್ನಾಗಿತ್ತು, ರೇಡಿಯೋದಲ್ಲಿ ಬರುವ ಹಾಗೆ.

"ಈ ಸೋದರಿಯ ಹೆಸರನ್ನು ಗೋಪ್ಯವಾಗಿ ಇಟ್ಟಿದ್ದೇವೆ. ಲಕ್ಷ್ಮಿ ಎಂದು ಕರೆಯೋಣ. ಗಂಡ ಕುಡಿದು ಬಂದು ಸುಟ್ಟ ಕೈ ಇದು. ಯಾರು ಹೀಗೆ ಮಾಡಿದ್ದು ಎಂದು ನಾನು ಕೇಳಿದೆ. ಆಕೆ ತಲೆ ತಗ್ಗಿಸಿದಳು. ನಮ್ಮ ಹಳ್ಳಿಯ ಹೆಣ್ಣು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಸುಟ್ಟ ಗಂಡನ ಹೆಸರನ್ನೂ ಆಡುವುದಿಲ್ಲ. ಆ ಮೌನವೇ ಆಕೆ ಕೊಟ್ಟ ಉತ್ತರ. ಇದನ್ನು ನಮ್ಮ ವಿದೇಶದ ಗೆಳತಿಗೆ ವಿವರಿಸಿದಾಗ ಅವರು ಕಣ್ಣೀರು ಹಾಕಿದರು."

ಜನ ಚಪ್ಪಾಳೆ ಹೊಡೆದರು. ಮೊದಲ ಸಾಲಿನಲ್ಲಿ ಚಿಕ್ಕಣ್ಣನೂ ಹೊಡೆದ. ನಾನು ನೋಡಿದೆ. ಹೊಡೆದ.

ಆ ಮೌನವಷ್ಟೇ ಸಾಕಾಗಿತ್ತು ಚೂಡಾಮಣಿಗೆ. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ನಿಜ. ನಮ್ಮವ್ವ ಸಾಯುವವರೆಗೂ ನಮ್ಮಪ್ಪನ ಹೆಸರು ಹೇಳಲಿಲ್ಲ. ಯಾರಾದರೂ ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು, ನೀನೇ ಯೋಳು ಅಂತ. ಈ ಮೈಸೂರಮ್ಮನಿಗೆ ನಮ್ಮ ಆ ಪದ್ಧತಿ ಗೊತ್ತಿತ್ತು. ಜಮೀನಿನವನು ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತರೆ ನಮ್ಮ ನಾಲಿಗೆ ಯಾಕೆ ಒಣಗುತ್ತದೆ ಅನ್ನುವುದು ಗೊತ್ತಿರಲಿಲ್ಲ.

ನಾನು ಏಳುವ ಮೊದಲೇ ಅಕ್ಕ ಎದ್ದಿದ್ದಳು.

ಜನರನ್ನು ದಾಟಿ ಮುಂದೆ ಹೋದಳು. ಬೆಳಕಿಗೆ ಅಡ್ಡ ಬಂದಳು. ಗೋಡೆ ಮೇಲಿದ್ದ ಕೈ ಅವಳ ಬೆನ್ನ ಮೇಲೆ ಬಿತ್ತು. "ಕೂತ್ಕಳಮ್ಮೋ, ಕಾಣಕಿಲ್ಲ" ಅಂತ ಯಾರೋ ಕೂಗಿದರು. ಅವಳು ತಿರುಗಿ ನಿಂತಳು. ಸೆರಗು ಸರಿಸಿ ಕೈ ಎತ್ತಿದಳು.

"ಇದೇ ಕಣ್ರವ್ವಾ ಆ ಕೈ. ನಾ ಲಕ್ಸ್ಮಿ ಅಲ್ಲ. ಮುದ್ದಮ್ಮ."

ಚೂಡಾಮಣಿ ಮೈಕನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನಿಂತರು.

"ಗಂಡನ್ ಎಸ್ರು ಯೋಳಕಿಲ್ಲ ಅಂದ್ರಲ್ಲ, ಕೇಳಿ. ನಾಗಯ್ಯ. ನನ್ ಗಂಡ ನಾಗಯ್ಯ. ಯೋಳಿದ್ರೆ ನಾಲ್ಗೆ ಬಿದ್ದೋಗಕಿಲ್ಲ. ನಾಗಯ್ಯ ನನ್ನ ಸುಡ್ಲಿಲ್ಲ. ನಾಗಯ್ಯ ಔಸ್ತಿ ಅಚ್ದ. ನನ್ನ ಸುಟ್ಟೋನು ಚಿಕ್ಕಣ್ಣ. ಆಲೆಮನೆ ಗುಳೀಲಿ. ಇಲ್ಲೇ ಮುಂದ್ಗಡೆ ಕೂತವ್ನೆ ನೋಡ್ಕಳಿ. ಎಡಗೈ ಮಣಿಕಟ್ಟು ನೋಡಿ, ನಾ ಕಚ್ಚಿದ್ ಅಲ್ಲಿನ್ ಗುರ್ತು ಐತೆ."

ನನ್ನ ಮೈ ಜುಮ್ಮೆಂದಿತು. ಚಿಕ್ಕಣ್ಣನ ಹೆಸರು ಕೇಳಿ ಅಲ್ಲ. ನಾಗಯ್ಯ ಅನ್ನುವ ಹೆಸರು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಚಿಕ್ಕಣ್ಣ ಎಡಗೈಯನ್ನು ತೊಡೆ ಕೆಳಗೆ ಸೇರಿಸಿದ. ಅದನ್ನು ಪಕ್ಕದವರೆಲ್ಲ ನೋಡಿದರು.

"ನಾನು ಕೇಳಿದೆನಲ್ಲಮ್ಮ" ಅಂದರು ಚೂಡಾಮಣಿ. ಮೈಕು ಇನ್ನೂ ಹಿಡಿದೇ ಇದ್ದರು, ಇಡೀ ಕೋಣೆಗೆ ಕೇಳಿತು. "ಅವತ್ತು ನಾನು ಕೇಳಿದೆ. ನೀನು ಸುಮ್ಮನಿದ್ದೆ."

"ಯಾರ್ ಜಗ್ಲಿ ಮ್ಯಾಲೆ ಕೇಳುದ್ರಿ ಅವ್ವಾ?"

ಬಿಳಿಯಮ್ಮ ಚೂಡಾಮಣಿಯ ತೋಳು ಜಗ್ಗಿ ಏನು, ಏನು ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಚೂಡಾಮಣಿ ತಿರುಗಿಸಿ ಹೇಳಲಿಲ್ಲ.

ಮಾದಯ್ಯ ಎದ್ದ. ಹಾರ ತೆಗೆದು ಮೇಜಿನ ಮೇಲಿಟ್ಟ. "ಯಾವನ್ಲಾ ಇವ್ರುನ್ನ ಒಳಿಕ್ಕೆ ಬುಟ್ಟೋನು? ಕಂಬ್ಳಿ ಕೀಳ್ರುಲಾ!" ಅಂದ. ಕಂಬಳಿ ಕಿತ್ತರು. ಬಿಸಿಲು ನುಗ್ಗಿತು. ಗೋಡೆ ಮೇಲಿನ ಕೈ ಮಾಯವಾಯಿತು. ಅಕ್ಕನ ಕೈ ಇನ್ನೂ ಮೇಲೇ ಇತ್ತು.

"ಕೂಲಿ ಜಾಸ್ತಿ ಕೇಳುದ್ಲು, ಕೊಡ್ಲಿಲ್ಲ, ಅದ್ಕೆ ಸುಳ್ಳು ಬೊಗುಳ್ತಾವ್ಳೆ" ಅಂತ ಚಿಕ್ಕಣ್ಣ ಎದ್ದ. ನಾನು ಅವನ ಕಡೆ ಹಾರಿದೆ. ಅವನ ಅಂಗಿ ನನ್ನ ಕೈಗೆ ಸಿಕ್ಕಿತು, ಹರಿಯಿತು. ಅಷ್ಟರಲ್ಲಿ ಪೊಲೀಸಿನವನು ನನ್ನ ಕತ್ತು ಹಿಡಿದ. "ಲೇ, ಇದು ಎಮರ್ಜೆನ್ಸಿ. ಗಲಾಟೆ ಮಾಡಿದರೆ ಎಲ್ಲಿಗೆ ಹೋದೆ ಅಂತ ನಿಮ್ಮವ್ವನಿಗೂ ಗೊತ್ತಾಗಲ್ಲ" ಅಂದ. ನಮ್ಮವ್ವ ಸತ್ತು ಹೋಗಿದ್ದಾಳೆ ಅಂದೆ. ಕೆನ್ನೆಗೆ ಹೊಡೆದ. ನನ್ನನ್ನೂ ಅಕ್ಕನನ್ನೂ ಹೊರಗೆ ದಬ್ಬಿದ. ಚಿಕ್ಕಣ್ಣ ಹರಿದ ಅಂಗಿಯಲ್ಲಿ ಅದೇ ಕುರ್ಚಿಯಲ್ಲಿ ಮತ್ತೆ ಕೂತ.

ಮಾದಯ್ಯ ಬಾಗಿಲವರೆಗೆ ಬಂದ. ದನಿ ಎತ್ತಲಿಲ್ಲ. "ನಾಳೀಕೆ ನನ್ ಬದಿನ್ ಮ್ಯಾಲೆ ಗುಡ್ಲು ಇರ್ಬಾರ್ದು" ಅಂದ. ಒಳಗೆ ಹೋದ.

ಸ್ಕೂಲಿನ ಮೆಟ್ಟಿಲ ಮೇಲೆ ನಿಂತೆವು. ಸ್ವಲ್ಪ ಹೊತ್ತಿಗೆ ಆ ಇಬ್ಬರೂ ಹೊರಗೆ ಬಂದರು. ಚೂಡಾಮಣಿಯ ಮುಖ ಬೆವತಿತ್ತು.

"ನನಗೆ ನಿಜವಾಗಲೂ ಗೊತ್ತಿರಲಿಲ್ಲಪ್ಪ."

"ಈಗ ಗೊತ್ತಾಯ್ತಲ್ಲ. ಒಳಕ್ಕೋಗಿ ಮೈಕ್ನಲ್ಲಿ ಯೋಳಿ."

ಅವರು ಬಾಗಿಲ ಕಡೆ ನೋಡಿದರು. "ಅದು ಹಾಗಲ್ಲ. ನಮ್ಮ ಅಧ್ಯಯನ ಮನೆಯೊಳಗಿನ ಹಿಂಸೆಯದು. ಗಂಡ ಹೆಂಡತಿ ನಡುವಿನದು. ಪ್ರಶ್ನೆಗಳೆಲ್ಲ ಅವರ ದೇಶದ ಯೂನಿವರ್ಸಿಟಿಯಿಂದಲೇ ಬರುತ್ತೆ, ಇಲ್ಲಿ ನಾವು ಒಂದನ್ನೂ ಸೇರಿಸೋ ಹಾಗಿಲ್ಲ. ಆಲೆಮನೆ, ಕೂಲಿ, ಜಾತಿ, ಇದೆಲ್ಲ ಬೇರೆ ವಿಷಯ. ಅದಕ್ಕೆ ಬೇರೆ ತಜ್ಞರು ಇರುತ್ತಾರೆ."

ಅಕ್ಕ ಕೇಳಿದಳು: "ಮನೇಲ್ ಸುಟ್ರೆ ನೋವು, ಆಲೆಮನೇಲ್ ಸುಟ್ರೆ ನೋವಲ್ವಾ?"

ಅವರು ಹೆಗಲ ಚೀಲ ಸರಿಪಡಿಸಿಕೊಂಡರು.

"ಆ ಪುಸ್ತಕದಾಗೆ ನನ್ ಗಂಡನ್ ಮ್ಯಾಲೆ ಬರ್ದಿರೋದ್ನ ಅಳ್ಸಿ" ಅಂದಳು ಅಕ್ಕ.

"ಅಚ್ಚಿಗೆ ಹೋಗಿದೆಯಮ್ಮ. ಅಲ್ಲಿ. ನನ್ನ ಕೈಯಲ್ಲಿ ಏನೂ ಇಲ್ಲ. ಊರೂರು ಅಲೆದು ಮಾತಾಡಿಸಿದವಳು ನಾನು. ನನ್ನ ಹೆಸರೇ ಅದರಲ್ಲಿ ಎಲ್ಲೋ ಕೊನೆಗೆ, ವಂದನೆ ಹೇಳೋ ಜಾಗದಲ್ಲಿ ಬರುತ್ತೆ."

ದನಿಯಲ್ಲಿ ನೋವಿತ್ತು. ಇರಲಿ. ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಆ ಹೊತ್ತು ಜಾಗವಿರಲಿಲ್ಲ. ನಿಮ್ಮ ಹೆಸರು ಕೊನೆಯಲ್ಲಾದರೂ ಇರುತ್ತದಲ್ಲ ತಾಯಿ ಅನ್ನಬೇಕು ಅನ್ನಿಸಿತು.

ಆಕೆ ಚೀಲದಿಂದ ಒಂದು ಚೂರು ತೆಗೆದರು. ರಟ್ಟಿನ ಚೌಕಟ್ಟಿನೊಳಗೆ ಉಗುರಿನಷ್ಟು ಚಿತ್ರ. ಗೋಡೆ ತುಂಬಿದ್ದ ಕೈ ಅದರಲ್ಲಿತ್ತು. ಅಕ್ಕನ ಮುಂದೆ ಹಿಡಿದರು.

"ತಗೋ. ಇನ್ನು ಎಲ್ಲೂ ತೋರಿಸಲ್ಲ. ಇದು ನಕಲು. ಅಸಲು ಅಲ್ಲಿದೆ, ಅದನ್ನ ನನಗೆ ತರಿಸಕ್ಕಾಗಲ್ಲ."

ಅಕ್ಕ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ವಾಪಸು ಅವರ ಕೈಗೇ ಇಟ್ಟಳು.

"ನೀವೇ ಮಡೀಕಳಿ. ಅಸಲು ನನ್ ತಾವೇ ಐತೆ."

ಬಿಳಿಯಮ್ಮ ಇಷ್ಟು ಹೊತ್ತೂ ಚೂಡಾಮಣಿಯನ್ನು ಬಿಡದೆ ಕೇಳುತ್ತಿದ್ದಳು. ಈಗ ಚೂಡಾಮಣಿ ಎಲ್ಲ ಹೇಳಿದರು, ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ. ಕೇಳುತ್ತ ಕೇಳುತ್ತ ಬಿಳಿಯಮ್ಮನ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ, ಅದನ್ನು ನಾನು ಹೇಳಲೇಬೇಕು. ಅಕ್ಕನ ಭುಜ ಮುಟ್ಟಲು ಬಂದಳು. ಅಕ್ಕ ಸರಿದಳು. ಆಗ ಅವಳು ಹೆಗಲ ಚರ್ಮದ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು ಮೆಟ್ಟಿಲ ಪಕ್ಕದ ಕಟ್ಟೆ ಮೇಲೆ ಇಟ್ಟಳು. ಗುಂಡಿ ಒತ್ತಿದಳು. ಎರಡು ಚಕ್ರ ತಿರುಗತೊಡಗಿದವು. ನನ್ನ ಕಡೆ ನೋಡಿ ಏನೋ ಅಂದಳು.

"ತಪ್ಪಾಯಿತು ಅಂತಾರೆ" ಅಂದರು ಚೂಡಾಮಣಿ. "ನಿನ್ನ ಸಿಟ್ಟು ನ್ಯಾಯವಾದದ್ದು ಅಂತಾರೆ. ಇದು ತುಂಬಾ ಮುಖ್ಯ, ಮುಂದಿನ ಪುಸ್ತಕದಲ್ಲಿ ಇದೇ ಒಂದು ಹೊಸ ಅಧ್ಯಾಯ ಆಗುತ್ತೆ, ಇದನ್ನ ಎಲ್ಲರೂ ಓದಬೇಕು ಅಂತಾರೆ. ನಾವು ಏನು ಮಾಡಬೇಕಿತ್ತು? ನೀನೇ ಹೇಳಪ್ಪ. ನಿನ್ನ ಮಾತಲ್ಲೇ ಹೇಳು."

ಬಾಯಿ ತುಂಬ ಇತ್ತು ಹೇಳಲು. ಕೇರಿಗೆ ಬರಬೇಕಿತ್ತು. ನಮ್ಮ ಸೂರಿನ ಕೆಳಗೆ ಕೂರಬೇಕಿತ್ತು. ನಮ್ಮ ಕೈಯ ನೀರು ಕುಡಿಯಬೇಕಿತ್ತು. ಕಡಲೆಕಾಯಿ ಸುಲಿಯುವವನನ್ನು ಎದ್ದು ಹೋಗು ಅನ್ನಬೇಕಿತ್ತು. ಅವಳು ನೆಲ ನೋಡಿದರೆ, ಆ ನೆಲ ಯಾರದು ಅಂತ ನೀವೂ ನೋಡಬೇಕಿತ್ತು. ನಾಳೆ ನಮ್ಮ ಗುಡಿಸಲು ಕೀಳುತ್ತಾರೆ, ಅಲ್ಲಿ ಬಂದು ನಿಲ್ಲುತ್ತೀರಾ ಅಂತ ಕೇಳಬೇಕಿತ್ತು.

ಚಕ್ರ ತಿರುಗುತ್ತಿತ್ತು. ಗಾಣ ನೆನಪಾಯಿತು. ಕಬ್ಬು ಕೊಡುವವರೆಗೆ ಅದೂ ಹೀಗೇ ಖಾಲಿ ತಿರುಗುತ್ತದೆ. ಕೊಟ್ಟರೆ ಕಬ್ಬಿನ ಹಾಲು ಆ ಕಡೆ ಹೋಗುತ್ತದೆ. ಸಿಪ್ಪೆ ನಮ್ಮ ಹೆಂಗಸರ ತಲೆ ಮೇಲೆ.

ಬಾಯಿ ಮುಚ್ಚಿದೆ.

ಕಿಟಕಿಯ ಕೆಳಗಿನಿಂದ ಭಾವ ಎದ್ದು ಬಂದ. ಪಂಚೆಗೆ ಮಣ್ಣು ಮೆತ್ತಿತ್ತು. ಅವನು ಅಕ್ಕನ ಮುಖವನ್ನೇ ನೋಡುತ್ತಿದ್ದ, ಹೊಸದಾಗಿ ನೋಡುವವನ ಹಾಗೆ.

"ಕೇಳುಸ್ತಾ?" ಅಂದಳು ಅಕ್ಕ.

"ಊಂ" ಅಂದ. ಆಮೇಲೆ, "ಒತ್ತಾಗ್ತದೆ ನಡೀರಿ. ಗುಡ್ಲಿನ್ ಗಳ ಬಿಚ್ಬೇಕು, ಗರಿ ಕಟ್ಬೇಕು" ಅಂದ.

ಮೂವರೂ ಮೆಟ್ಟಿಲಿಳಿದೆವು. ಹಿಂದಿನಿಂದ ಚೂಡಾಮಣಿ ಕೂಗಿದರು. "ಒಂದು ಮಾತಾದರೂ ಹೇಳಿ ಹೋಗಪ್ಪಾ, ಇದು ಆನ್ ಆಗಿದೆ."

ನಾನು ತಿರುಗಲಿಲ್ಲ. ಕೆನ್ನೆ ಇನ್ನೂ ಉರಿಯುತ್ತಿತ್ತು. ರಸ್ತೆಗೆ ಬಂದು ಊರಿನ ಕಡೆ ನಡೆದೆ.